ಬೋನ್ಸಾಯ್: ಮೊದಲು ಕೈಗೆ ಪಾಠ, ಆಮೇಲೆ ದುಬಾರಿ ಮರ

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯ ದಾಟಿ ಸಂಪಾಜೆಯ ಕಡೆಗೆ ಹೊರಟರೆ ಸಿಗುವ ಊರು ಅರಂತೋಡು. ಎಡಬಲಕ್ಕೂ ಅಡಿಕೆ, ರಬ್ಬರ್, ಕೊಕ್ಕೊ. ಒಳದಾರಿ ಹಿಡಿದರೆ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನ, ಪಕ್ಕದಲ್ಲೇ ದೇವರ ಮೀನುಗಳ ಮತ್ಸ್ಯತೀರ್ಥ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಈ ಸೀಮೆಯಲ್ಲಿ ಮುರಕಲ್ಲಿನ ಗೋಡೆಯ ಬಿರುಕಿನಲ್ಲೂ ಬಾವಿಕಟ್ಟೆಯ ಸಂದಿನಲ್ಲೂ ಗೋಳಿ, ಅಶ್ವತ್ಥ, ಅತ್ತಿ ತಾವಾಗಿಯೇ ಹುಟ್ಟುತ್ತವೆ. ಗೋಡೆ ಒಡೆದೀತೆಂದು ಮನೆಯವರು ಬೇಸಗೆಯಲ್ಲಿ ಅವನ್ನು ಕಡಿಯುತ್ತಾರೆ. ಮಳೆ ಬಿದ್ದೊಡನೆ ಅವು ಮತ್ತೆ ಚಿಗುರುತ್ತವೆ. ಹೀಗೆ ವರ್ಷವರ್ಷವೂ ಕತ್ತಿಯ ಏಟು ತಿಂದ ಗೋಳಿಯ ಬುಡ ತೋಳಿನಷ್ಟು ದಪ್ಪಗಿರುತ್ತದೆ, ಎತ್ತರ ಮಾತ್ರ ಮೊಣಕಾಲು ದಾಟಿರುವುದಿಲ್ಲ. ನಗರದ ಬೋನ್ಸಾಯ್ ಹವ್ಯಾಸಿಗಳು ಸಾವಿರಾರು ರೂಪಾಯಿ ಕೊಟ್ಟು ಹುಡುಕುವುದು ಇಂಥ ಬುಡವನ್ನೇ.

ಈ ಹವ್ಯಾಸಕ್ಕೆ ಇಳಿಯುವ ಎಲ್ಲರ ಮುಂದೆಯೂ ಬೇಗನೆ ಬಂದು ನಿಲ್ಲುವುದು ದುಡ್ಡಿನ ಪ್ರಶ್ನೆ. ಕೈಯಲ್ಲಿರುವ ಐದೋ ಹತ್ತೋ ಸಾವಿರವನ್ನು ಚೆನ್ನಾಗಿ ಕಾಂಡ ಬಲಿತ ಒಂದು ಮರಕ್ಕೆ ಹಾಕಬೇಕೇ, ಬಲ್ಲವರ ಬಳಿ ಕಲಿಯುವುದಕ್ಕೆ ಹಾಕಬೇಕೇ? ಎರಡು ಕಡೆಯಲ್ಲೂ ಗಟ್ಟಿ ವಾದಗಳಿವೆ. ಆದರೆ ಸುಳ್ಯ, ಪುತ್ತೂರು, ಕಡಬದ ಜನರಿಗೆ ಉತ್ತರ ಸ್ಪಷ್ಟವಿದೆ. ನಮ್ಮಲ್ಲಿ ಗಿಡಕ್ಕೆ ಕೊರತೆಯಿಲ್ಲ, ಕಲಿಸುವವರಿಗೆ ಕೊರತೆಯಿದೆ. ದುಡ್ಡು ಹೋಗಬೇಕಾದ್ದು ಕೊರತೆ ಇರುವ ಕಡೆಗೆ.

ಚಟ್ಟಿಯಲ್ಲಿ ಬೆಳೆದ ಮರ

ಬೋನ್ಸಾಯ್ ಎಂಬುದು ಬೇರೆ ಜಾತಿಯ ಗಿಡವಲ್ಲ. ಬಯಲಲ್ಲಿ ಎಂಬತ್ತು ಅಡಿ ಬೆಳೆಯುವ ಮರವನ್ನೇ ಆಳವಿಲ್ಲದ ಚಟ್ಟಿಯಲ್ಲಿ, ಬೇರು ಮತ್ತು ಚಿಗುರನ್ನು ಕಾಲಕಾಲಕ್ಕೆ ಸವರುತ್ತ, ತಂತಿ ಸುತ್ತಿ ಕೊಂಬೆಯ ದಿಕ್ಕು ತಿದ್ದುತ್ತ, ಹಳೆಯ ಮರದ ಗಾಂಭೀರ್ಯ ಬರುವಂತೆ ಬೆಳೆಸುವ ಕಲೆ ಅದು. ಅದರ ಬೀಜವನ್ನು ನೆಲಕ್ಕೆ ಹಾಕಿದರೆ ದೊಡ್ಡ ಮರವೇ ಆಗುತ್ತದೆ. ಗಿಡವನ್ನು ಉಪವಾಸ ಕೆಡವಿ ಕುಬ್ಜ ಮಾಡುತ್ತಾರೆ ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ, ಅದು ಸರಿಯಲ್ಲ. ಹಸಿದ ಗಿಡ ಚಿಗುರುವುದಿಲ್ಲ, ಚಿಗುರದ ಗಿಡವನ್ನು ತಿದ್ದಲಾಗುವುದಿಲ್ಲ. ಬೋನ್ಸಾಯ್‌ಗೆ ತೋಟದ ಗಿಡಕ್ಕಿಂತ ಹೆಚ್ಚಿನ ಆರೈಕೆ ಬೇಕು.

ಇದರ ಮೂಲ ಚೀನಾ. ಅಲ್ಲಿನ ರಾಜಕುಮಾರ ಝಾಂಗ್‌ಹುವಾಯ್‌ನ ಕ್ರಿ.ಶ. 706ರ ಸಮಾಧಿಯ ಗೋಡೆಚಿತ್ರದಲ್ಲಿ ಸೇವಕರು ತಟ್ಟೆಯಲ್ಲಿ ಪುಟ್ಟ ಗಿಡ, ಕಲ್ಲುಗಳನ್ನು ಹಿಡಿದು ನಿಂತಿದ್ದಾರೆ. ಜಪಾನಿಗೆ ಹೋದ ಮೇಲೆ ಅದು ಕಟ್ಟುನಿಟ್ಟಿನ ಕಲೆಯಾಯಿತು. 1923ರ ಭೂಕಂಪದಲ್ಲಿ ಟೋಕಿಯೊ ಹಾಳಾದಾಗ ಅಲ್ಲಿನ ಬೋನ್ಸಾಯ್ ಬೆಳೆಗಾರರು ಒಮಿಯಾ ಎಂಬಲ್ಲಿಗೆ ಹೋಗಿ 1925ರಲ್ಲಿ ತಮ್ಮದೇ ಊರು ಕಟ್ಟಿಕೊಂಡರು. ಪ್ರತಿ ಮನೆಯಲ್ಲಿ ಕನಿಷ್ಠ 10 ಬೋನ್ಸಾಯ್ ಇರಬೇಕು, ನೋಡಲು ಬಂದವರಿಗೆ ಬಾಗಿಲು ತೆರೆದಿರಬೇಕು, ಬೇಲಿ ಹಸಿರು ಗಿಡದ್ದೇ ಆಗಿರಬೇಕು, ಮಹಡಿ ಮನೆ ಕೂಡದು ಎಂಬುದು ಅಲ್ಲಿನ ಕಟ್ಟಳೆಯಾಗಿತ್ತು. ಈಗ ಅಲ್ಲಿ ಬೋನ್ಸಾಯ್‌ಗೆಂದೇ ವಸ್ತುಸಂಗ್ರಹಾಲಯವಿದೆ.

ಕರ್ನಾಟಕದಲ್ಲಿ ಹೆಚ್ಚಿನವರು ಬೋನ್ಸಾಯ್ ಕಂಡಿರುವುದು ಬೆಂಗಳೂರಿನ ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನಗಳಲ್ಲಿ. ಸಾಲಾಗಿ, ಸಮಾಧಾನದಿಂದ ನೋಡಬೇಕೆನ್ನುವವರು ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನಕ್ಕೆ ಹೋಗಬೇಕು. ನೂರಾರು ಮರಗಳು ಅಲ್ಲಿವೆ. ಅರಂತೋಡಿನವರಿಗೆ ಮೈಸೂರು ಒಂದೇ ಹೆದ್ದಾರಿಯ ದಾರಿ. ಮಡಿಕೇರಿ ಘಾಟಿ ಹತ್ತಿದರೆ ಮಧ್ಯಾಹ್ನದೊಳಗೆ ತಲಪಬಹುದು.

ಒಳ್ಳೆಯ ಮರವೇ ಬೇಕು ಎನ್ನುವವರ ಮಾತು

ಮರಕ್ಕೆ ದುಡ್ಡು ಹಾಕಿ ಎನ್ನುವವರ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಬೋನ್ಸಾಯ್‌ನ ಅಂದ ನಿಂತಿರುವುದು ಬುಡದಲ್ಲಿ. ಬೇರುಗಳು ನಾಲ್ಕೂ ಕಡೆಗೆ ಹರಡಿ ಮಣ್ಣನ್ನು ಹಿಡಿದಿರಬೇಕು. ಕಾಂಡ ಬುಡದಲ್ಲಿ ದಪ್ಪಗಿದ್ದು ಮೇಲಕ್ಕೆ ಹೋದಂತೆ ಸಣ್ಣದಾಗಬೇಕು. ಎಲೆ, ಕೊಂಬೆಗಳನ್ನು ಎರಡು ಮೂರು ವರ್ಷದಲ್ಲಿ ಹೊಸದಾಗಿ ಬರಿಸಬಹುದು, ಬುಡವನ್ನು ಆಗುವುದಿಲ್ಲ. ಪೆನ್ಸಿಲಿನಷ್ಟು ದಪ್ಪದ ಸಸಿಯನ್ನು ಚಪ್ಪಟೆ ಚಟ್ಟಿಗೆ ಹಾಕಿದರೆ ಹತ್ತು ವರ್ಷ ಕಳೆದರೂ ಅದು ಹೆಚ್ಚುಕಡಿಮೆ ಪೆನ್ಸಿಲಾಗಿಯೇ ಉಳಿಯುತ್ತದೆ. ಕಾಂಡ ದಪ್ಪಗಾಗುವುದು ನೆಲದಲ್ಲಿ, ಚಟ್ಟಿಯಲ್ಲಲ್ಲ.

ಹಾಗಾಗಿ ನರ್ಸರಿಯ ಎಳೆ ಸಸಿಯ ಮೇಲೆ ವರ್ಷಗಟ್ಟಲೆ ದುಡಿಯುವ ಬದಲು ಬಲಿತ ಮರವೊಂದನ್ನು ಕೊಂಡರೆ ಆಯುಷ್ಯದ ಹತ್ತು ವರ್ಷ ಉಳಿಯುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ. ಆದರೆ ಕೊಂಡ ಮರವನ್ನು ಉಳಿಸಿಕೊಳ್ಳಬಲ್ಲ ಕೈ ಇದೆ ಎಂದು ಅದು ಮೊದಲೇ ಅಂದುಕೊಂಡುಬಿಡುತ್ತದೆ. ಇನ್ನೊಂದು ಎಚ್ಚರವೂ ಬೇಕು: ಪೇಟೆಯಲ್ಲಿ ಬೋನ್ಸಾಯ್ ಎಂದು ಮಾರುವುದೆಲ್ಲ ಒಳ್ಳೆಯ ಮರವಲ್ಲ. ಗೆಡ್ಡೆಯಂಥ ಬೇರಿನ ಮೇಲೆ ಚಿಗುರು ಕಸಿ ಕಟ್ಟಿದ ಫೈಕಸ್, ಹಾವಿನಂತೆ ಒಂದೇ ಅಚ್ಚಿನಲ್ಲಿ ಬಳುಕಿಸಿದ ಫೈಕಸ್ ರಾಶಿ ರಾಶಿ ಬರುತ್ತವೆ. ಯಾವುದಕ್ಕೆ ಬೆಲೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ತಿಳಿಯುವುದಕ್ಕೂ ಕಲಿತ ಕಣ್ಣೇ ಬೇಕು.

ಕಲಿಕೆಗೆ ಬದಲಿಲ್ಲ

ಜಪಾನಿನ ಮಸಾಹಿಕೊ ಕಿಮುರಾ ಈ ಕಲೆಯ ದೊಡ್ಡ ಹೆಸರು. ಹದಿನೈದನೇ ವಯಸ್ಸಿನಲ್ಲಿ ಒಮಿಯಾದ ಗುರುವಿನ ಮನೆ ಸೇರಿದ ಅವರು ಹೊರಬಂದದ್ದು 11 ವರ್ಷಗಳ ಮೇಲೆ. ಅಲ್ಲಿ ಶಿಷ್ಯರಿಗೆ ಮೊದಲ ಪಾಠ ನೀರು ಹಾಕುವುದು. ಅದು ಸರಿಯಾಗಿ ಬಂದ ಮೇಲಷ್ಟೇ ಕತ್ತರಿ. ಅಮೆರಿಕದ ವಾಷಿಂಗ್ಟನ್‌ನಲ್ಲಿ ಜಪಾನಿನ ಯಮಕಿ ಕುಟುಂಬ 1976ರಲ್ಲಿ ಕೊಟ್ಟ ಒಂದು ಬಿಳಿ ಪೈನ್ ಇದೆ. 1625ರಿಂದ ಚಟ್ಟಿಯಲ್ಲಿರುವ ಮರ. 1945ರಲ್ಲಿ ಹಿರೋಶಿಮಾದ ಬಾಂಬಿಗೂ ಅಲುಗದೆ ಉಳಿಯಿತು. ಅಷ್ಟು ಕಾಲ ಅದನ್ನು ಬದುಕಿಸಿದ್ದು ಒಂದು ತಲೆಮಾರು ಇನ್ನೊಂದಕ್ಕೆ ಕೊಡುತ್ತ ಬಂದ ತಿಳಿವಳಿಕೆ.

ನಮ್ಮ ಮಳೆಗಾಲ ಈ ಮಾತನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಹೇಳಿಕೊಡುತ್ತದೆ. ಚಟ್ಟಿಯ ಮಣ್ಣಿನ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ಇಳಿಯದೆ ನಿಂತೇ ಇರುತ್ತದೆ. ಒಂದಡಿ ಆಳದ ಚಟ್ಟಿಯಲ್ಲಿ ಅದು ತಳದ ಸ್ವಲ್ಪ ಭಾಗ. ಎರಡಿಂಚಿನ ಬೋನ್ಸಾಯ್ ಚಟ್ಟಿಯಲ್ಲಿ ಅರ್ಧಕ್ಕರ್ಧ. ಆಟಿ ತಿಂಗಳ ಜಡಿಮಳೆಯಲ್ಲಿ ಅಂಗಳದ ಕೆಂಪುಮಣ್ಣು ತುಂಬಿದ ಚಪ್ಪಟೆ ಚಟ್ಟಿ ಎಂದರೆ ಬೇರು ಕೊಳೆಯಲು ಹದವಾದ ಜಾಗ. ಬಯಲುಸೀಮೆಯ ಒಣ ಹವೆಯಲ್ಲಿ ಬೆಳೆದ ದುಬಾರಿ ಮರವೊಂದು ಇಲ್ಲಿಗೆ ಬಂದು ಮೊದಲ ಮಳೆಗಾಲದಲ್ಲೇ ಸತ್ತರೆ ದೋಷ ಮರದ್ದಲ್ಲ.

ಅರಂತೋಡಿನ ಹಿತ್ತಿಲಲ್ಲೇ ಇರುವ ಬಂಡವಾಳ

ಸಂತೋಷದ ಸಂಗತಿಯೆಂದರೆ, ಈ ಕಲೆಗೆ ಬೇಕಾದ ಅರ್ಧ ಕೈಚಳಕ ನಮ್ಮ ಕೃಷಿಕರಿಗೆ ಆಗಲೇ ಬರುತ್ತದೆ. ಗೇರಿನ ಎಳೆಕಾಂಡಕ್ಕೆ ಕಸಿ ಕಟ್ಟುವವರು, ಹಿಪ್ಪಲಿಯ ಮೇಲೆ ಕಾಳುಮೆಣಸು ಕೂರಿಸುವವರು, ಕೊಕ್ಕೊ ಗಿಡವನ್ನು ಕೊಡೆಯ ಆಕಾರಕ್ಕೆ ಸವರುವವರು ಪ್ರತಿ ಊರಲ್ಲೂ ಇದ್ದಾರೆ. ಪುತ್ತೂರಿನಲ್ಲಿ 1986ರಿಂದ ಗೇರು ಸಂಶೋಧನಾ ಸಂಸ್ಥೆಯೇ ಇದೆ. ಚೂರಿ ಹಿಡಿಯುವುದು, ಗಾಯ ಮಾಯುವ ಬಗೆ, ಯಾವ ಕಣ್ಣು ಯಾವ ಕಡೆಗೆ ಚಿಗುರುತ್ತದೆ ಎಂಬುದು ಇವರಿಗೆ ಹೊಸ ಪಾಠವಲ್ಲ.

ಪೇರಳೆಗೆ, ಚಿಕ್ಕುವಿಗೆ ಗೂಟಿ ಕಟ್ಟುವುದನ್ನೇ ತೆಗೆದುಕೊಳ್ಳಿ. ಮಳೆ ಹಿಡಿಯುತ್ತಿದ್ದಂತೆ, ಅದೇ ರೀತಿ ಗೋಳಿಯ ಹೆಬ್ಬೆರಳಿಗಿಂತ ದಪ್ಪದ, ಚೆಂದಕ್ಕೆ ಬಾಗಿದ ಕೊಂಬೆಯೊಂದನ್ನು ಆರಿಸಿ, ಒಂದೂವರೆ ಇಂಚು ಅಗಲಕ್ಕೆ ಸುತ್ತಲೂ ತೊಗಟೆ ತೆಗೆಯಬೇಕು. ಒಳಗಿನ ಬಿಳಿ ಕಟ್ಟಿಗೆ ಕಾಣುವಂತೆ ಲೋಳೆಯನ್ನು ಚೂರಿಯಿಂದ ಕೆರೆದು, ಒದ್ದೆ ಮಾಡಿದ ತೆಂಗಿನನಾರಿನ ಹುಡಿ ಕಟ್ಟಿ, ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿಯಬೇಕು. ಒಂದೆರಡು ತಿಂಗಳಲ್ಲಿ ಪ್ಲಾಸ್ಟಿಕ್ಕಿನೊಳಗೆ ಬಿಳಿ ಬೇರು ಕಾಣುತ್ತದೆ. ಅವು ಕಂದುಬಣ್ಣಕ್ಕೆ ತಿರುಗಿ ಒತ್ತಾದಾಗ ಕೊಯ್ದು ನೆಟ್ಟರೆ, ಸುತ್ತಲೂ ಬೇರು ಹರಡಿದ ದಪ್ಪ ಕಾಂಡದ ಗಿಡ ಕೈಗೆ ಬಂತು. ಪೇಟೆಯಲ್ಲಿ ಸಾವಿರಾರು ರೂಪಾಯಿ ಬಾಳುವ ‘ಒಳ್ಳೆಯ ಆರಂಭದ ಮರ’ ಇದೇ.

ಸಸಿಯಿಂದಲೇ ಬೆಳೆಸುವವರಿಗೂ ದಾರಿಯಿದೆ. ತೋಟದ ಬದಿಯಲ್ಲಿ ಒಂದು ಮಂಗಳೂರು ಹೆಂಚನ್ನು ಮಣ್ಣಿನಡಿ ಚಪ್ಪಟೆಯಾಗಿಟ್ಟು ಅದರ ಮೇಲೆ ಸಸಿ ನೆಟ್ಟರೆ ತಾಯಿಬೇರು ಕೆಳಗಿಳಿಯದೆ ಬೇರೆಲ್ಲ ಅಡ್ಡಕ್ಕೆ ಹರಡುತ್ತದೆ. ಮೂರರಿಂದ ಐದು ವರ್ಷ ಅದನ್ನು ಹಾಯಾಗಿ ಬೆಳೆಯಬಿಟ್ಟು ಆಮೇಲೆ ಕಡಿದು ಎಬ್ಬಿಸಬೇಕು. ಗೋಳಿ, ಅತ್ತಿ, ಹುಣಸೆ, ಪುನರ್ಪುಳಿ, ಕರಂಡೆ, ಕೇಪುಳ, ಕಾಗದದ ಹೂವಿನ ಗಿಡಗಳಲ್ಲಿ ಇದನ್ನು ಮಾಡಿನೋಡಬಹುದು. ಒಂದು ಮಾತು ಮಾತ್ರ ಮರೆಯಬಾರದು. ಗಿಡ ನಮ್ಮ ಜಾಗದ್ದಾಗಿರಬೇಕು. ಮೀಸಲು ಅರಣ್ಯದಿಂದ ಗಿಡ ಕೀಳುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ನಾಗಬನದ, ದೈವಸ್ಥಾನದ ಮರಗಳ ಬಳಿಗೆ ಹೋಗುವುದು ನೋಡಿ ಕಲಿಯಲಿಕ್ಕೆ ಮಾತ್ರ. ಕಲ್ಲನ್ನು ಅಪ್ಪಿಕೊಂಡ ಬೇರು ಹೇಗಿರುತ್ತದೆ ಎಂಬುದಕ್ಕೆ ಅವಕ್ಕಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಗದು.

ಯಾವ ಪಾಠ, ಎಂಥ ಗುರು

ಹಾಗಾದರೆ ಗುರುವಿನಿಂದ ಕಲಿಯಬೇಕಾದ್ದು ಏನು? ಮೊದಲನೆಯದು ಮಣ್ಣು. ಮುರಕಲ್ಲು ಇಲ್ಲವೇ ಇಟ್ಟಿಗೆಯ ಸಣ್ಣ ಚೂರು, ದಪ್ಪ ಹೊಯಿಗೆ, ನಮ್ಮದೇ ಸುಡುಮಣ್ಣು, ಸ್ವಲ್ಪ ಹಳೆಯ ಗೊಬ್ಬರ ಇವನ್ನು ಜರಡಿಯಾಡಿಸಿ ಧೂಳೆಲ್ಲ ತೆಗೆದರೆ ಮಳೆನೀರು ನಿಲ್ಲದೆ ಇಳಿಯುತ್ತದೆ. ಯಾವುದು ಎಷ್ಟು ಎಂಬುದು ಮರದಿಂದ ಮರಕ್ಕೆ ಬೇರೆ. ಎರಡನೆಯದು ಬೇರು. ಯಾವ ಬೇರನ್ನು ಎಷ್ಟು ಕತ್ತರಿಸಬಹುದು ಎಂಬುದನ್ನು ಬಲ್ಲವರ ಪಕ್ಕದಲ್ಲಿ ಕೂತು ಕಣ್ಣಾರೆ ನೋಡಬೇಕು. ಗೋಳಿಯ ಜಾತಿಗೆ ಪತ್ತನಾಜೆಯ ಆಸುಪಾಸು, ಮಳೆ ಹಿಡಿಯುವ ಮುಂಚೆ, ಚಟ್ಟಿ ಬದಲಿಸಲು ಒಳ್ಳೆಯ ಸಮಯ. ಮೂರನೆಯದು ತಂತಿ. ನಮ್ಮ ಮಳೆಗೆ ಗೋಳಿಯ ಕೊಂಬೆ ಬೇಗ ಉಬ್ಬುತ್ತದೆ. ವಾರಕ್ಕೊಮ್ಮೆ ನೋಡದಿದ್ದರೆ ತಂತಿ ತೊಗಟೆಗೆ ಇಳಿದು, ವರ್ಷಗಟ್ಟಲೆ ಮಾಸದ ಗಾಯ ಉಳಿಯುತ್ತದೆ. ಚೀನಾದ ಗುವಾಂಗ್‌ಡಾಂಗ್ ಕಡೆಯ ಲಿಂಗ್ನಾನ್ ಪದ್ಧತಿಯವರು ತಂತಿಗಿಂತ ಕತ್ತರಿಯನ್ನೇ ನಂಬುತ್ತಾರೆ. ಕಡಿದು, ಚಿಗುರಿಸಿ, ಮತ್ತೆ ಕಡಿಯುವ ಆ ಕ್ರಮ ನಮ್ಮಂಥ ಚಿಗುರುವ ಸೀಮೆಗೆ ಬಹಳ ಹೊಂದುತ್ತದೆ.

ಒಣ ಊರಿನವರಿಗೆ ಸುಲಭಕ್ಕೆ ಸಿಗದ ಒಂದು ವರ ನಮಗಿದೆ: ಬಿಳಲು. ಮಳೆಗಾಲದ ತೇವದ ಗಾಳಿಗೆ ಗೋಳಿಯ ಕೊಂಬೆಯಿಂದ ನೂಲಿನಂಥ ಕೆಂಪು ಬಿಳಲು ಇಳಿಯುತ್ತದೆ. ಒಂದು ಸಪೂರ ಕೊಳವೆಯನ್ನು ಉದ್ದಕ್ಕೆ ಸೀಳಿ, ಒದ್ದೆ ಪಾಚಿ ತುಂಬಿ, ಬಿಳಲನ್ನು ಅದರೊಳಗೆ ಹಾಯಿಸಿ ಮಣ್ಣಿಗೆ ಮುಟ್ಟಿಸಿದರೆ ಅದು ನೆಲ ಹಿಡಿಯುತ್ತದೆ. ಕೊಳವೆ ತೆಗೆದ ಮೇಲೆ ನಿಧಾನಕ್ಕೆ ಕಂಬವಾಗುತ್ತದೆ. ಎಲ್ಲಿ ಎಷ್ಟು ಬಿಳಲು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂಬಲ್ಲಿ ಮತ್ತೆ ಗುರುವಿನ ಕಣ್ಣು ಬೇಕು.

ಒಂದು ದಿನದ ಶಿಬಿರಕ್ಕೆ ಹೋಗಿ, ತಂತಿ ಸುತ್ತಿದ ಗಿಡವೊಂದನ್ನು ಹಿಡಿದುಕೊಂಡು ಮನೆಗೆ ಬಂದರೆ ಕಲಿಕೆ ಆಗಲಿಲ್ಲ. ಸೇರುವ ಮುಂಚೆ ಕೇಳಬೇಕಾದ ಪ್ರಶ್ನೆಗಳಿವೆ. ಆರು ತಿಂಗಳ ಮೇಲೆ ಇದೇ ಗಿಡವನ್ನು ತಂದು ತೋರಿಸಬಹುದೇ? ಕಲಿಸುವವರ ಮರಗಳು ಮಳೆನಾಡಿನಲ್ಲಿ ಬದುಕಿವೆಯೇ? ನಮ್ಮ ಕೈಯಿಂದಲೇ ಬೇರು ಕತ್ತರಿಸಲು ಬಿಡುತ್ತಾರೆಯೇ? ಇದಕ್ಕೆಲ್ಲ ಹೌದೆಂಬ ಉತ್ತರ ಬಂದರೆ ದುಡ್ಡು ಕೊಡಲು ಹಿಂಜರಿಯಬೇಕಾಗಿಲ್ಲ.

ಅನುಕ್ರಮವೇ ಮುಖ್ಯ

ಹಳದಿ ಎಲೆ ರೋಗ ಸಂಪಾಜೆ, ಅರಂತೋಡು, ತೊಡಿಕಾನದ ಅಡಿಕೆ ತೋಟಗಳನ್ನು ಬರಿದು ಮಾಡಿದ ಮೇಲೆ ಇಲ್ಲಿಯ ಜನ ಬೇರೆ ದಾರಿಗಳನ್ನು ಹುಡುಕುತ್ತಿದ್ದಾರೆ. ಬೋನ್ಸಾಯ್ ನಾಳೆಯೇ ಹಣ ತರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ತೋಟದ ಬದಿಯಲ್ಲಿ ಹೆಂಚಿನ ಮೇಲೆ ನೆಟ್ಟ ಐವತ್ತು ಗೋಳಿ, ಪುನರ್ಪುಳಿ ಐದು ವರ್ಷದಲ್ಲಿ ನಗರದ ಹವ್ಯಾಸಿ ಹುಡುಕಿಕೊಂಡು ಬರುವಂಥ ಬುಡಗಳಾಗಬಲ್ಲವು. ಅದಕ್ಕೂ ಮೊದಲು ಬೇಕಾದ್ದು ಯಾವ ಬುಡ ಒಳ್ಳೆಯದು ಎಂಬ ತಿಳಿವಳಿಕೆ.

ಆದ್ದರಿಂದ ಮೊದಲ ಎರಡು ಮಳೆಗಾಲ ದುಡ್ಡೆಲ್ಲ ಪಾಠಕ್ಕಿರಲಿ, ಗಿಡ ಹಿತ್ತಿಲದ್ದಿರಲಿ. ಆ ಎರಡು ಮಳೆಗಾಲ ದಾಟಿ ನಿಮ್ಮ ಗಿಡಗಳು ಬದುಕಿದ್ದರೆ, ಮೂರನೇ ವರ್ಷ ಒಂದೇ ಒಂದು ಒಳ್ಳೆಯ ಮರವನ್ನು ಧೈರ್ಯವಾಗಿ ಕೊಳ್ಳಿ. ನಮ್ಮ ಸಹಕಾರಿ ಸಂಘಗಳು, ಯುವಕ ಮಂಡಲಗಳು, ಶಾಲೆಗಳು ಕಸಿ ಶಿಬಿರ ನಡೆಸುವಂತೆಯೇ ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಬಲ್ಲವರೊಬ್ಬರನ್ನು ಊರಿಗೆ ಕರೆಸಲಿ. ಖರ್ಚನ್ನು ಹತ್ತು ಜನ ಹಂಚಿಕೊಂಡರೆ ಯಾರಿಗೂ ಭಾರವಾಗದು.