ಏರಿದ ಅಂಕಿಗೆ ಹೆದರಬೇಕೆ?

ಸ್ತನ ಕ್ಯಾನ್ಸರು ದೇಹದ ಇತರ ಭಾಗಗಳಿಗೆ ಹರಡಿದಾಗ, ಕೊಡುತ್ತಿರುವ ಔಷಧವು ಫಲಿಸುತ್ತಿದೆಯೆ ಎಂದು ತಿಳಿಯಲು ವೈದ್ಯರು ರೋಗಿಯ ರಕ್ತದಲ್ಲಿ 'ಸಿಎ 15-3' ಎಂಬುದನ್ನು ಅಳೆಯುವುದುಂಟು. ಗಂತಿಯ ಜೀವಕೋಶಗಳ ಮೈಯಿಂದ ಕಳಚಿ ರಕ್ತಕ್ಕೆ ಸೇರುವ 'ಮಕ್ 1' ಪ್ರೋಟೀನಿನ ತುಣುಕು ಅದು. ಮಿಲಿಲೀಟರಿಗೆ ಸುಮಾರು 30 ಯೂನಿಟ್ಟಿನವರೆಗೆ ಸಹಜವೆಂದು ಅನೇಕ ಪ್ರಯೋಗಶಾಲೆಗಳ ಲೆಕ್ಕ. ಅಂಕಿ ಇಳಿದರೆ ಮನೆಯವರ ಮುಖ ಅರಳುತ್ತದೆ. ಏರಿದರೆ ಅಂದು ಒಲೆ ಹೊತ್ತಿಸಲೂ ಕೈ ಏಳದು.

ಆದರೆ ಹೊಸ ಚಿಕಿತ್ಸೆಯ ಮೊದಲ 4-6 ವಾರಗಳ ಏರಿಕೆಯನ್ನು ಹಾಗೆಯೇ ನಂಬಲಾಗದು. ಔಷಧಕ್ಕೆ ಸಿಕ್ಕಿ ಸಾಯುತ್ತಿರುವ ಕೋಶಗಳೇ ಪ್ರೋಟೀನನ್ನು ಚೆಲ್ಲಿ ಅಂಕಿಯನ್ನು ಏರಿಸಿರಬಹುದು. ಯಕೃತ್ತಿನ ಬೇರೆ ಕಾಯಿಲೆಗಳಲ್ಲಿಯೂ ಅದು ಏರುವುದುಂಟು. ಅದೊಂದನ್ನೇ ಹಿಡಿದು, ಫಲಿಸುತ್ತಿದ್ದ ಔಷಧವನ್ನು ಬಿಡಿಸಿದರೆ ಆಗುವ ನಷ್ಟ ಸಣ್ಣದಲ್ಲ. ಬಲ್ಲ ವೈದ್ಯರು ಕೆಲವು ವಾರ ಬಿಟ್ಟು ಮತ್ತೆ ರಕ್ತ ಪರೀಕ್ಷಿಸುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ, ರೋಗಿಯ ನೋವು ಹಸಿವುಗಳನ್ನು ವಿಚಾರಿಸುತ್ತಾರೆ.