ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಓವರ್‌ಕ್ಲಾಕಿಂಗ್: ವೇಗಕ್ಕೆ ತೆರುವ ವಿದ್ಯುತ್ತು

ತಯಾರಕರು ಗೊತ್ತುಮಾಡಿದ ವೇಗವನ್ನು ಮೀರಿ ಪ್ರೊಸೆಸರನ್ನು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಈ ವೇಗದ ಲೆಕ್ಕ ಸರಳ ಗುಣಾಕಾರ. ಮೂಲ ಗಡಿಯಾರದ ಮಿಡಿತ 100 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ ಹತ್ತು ಕೋಟಿ. ಅದನ್ನು 45ರಿಂದ ಗುಣಿಸಿದರೆ 4.5 ಗಿಗಾಹರ್ಟ್ಸ್. ಬಹುಪಾಲು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಈ ಗುಣಕಕ್ಕೆ ಕಾರ್ಖಾನೆಯಲ್ಲೇ ಬೀಗ ಬಿದ್ದಿರುತ್ತದೆ. 2018ರಲ್ಲಿ ಬಂದ ಕೋರ್ ಐ9-8950ಎಚ್‌ಕೆಯಂಥ ‘ಎಚ್‌ಕೆ’ ಮಾದರಿಗಳಿಗೆ ಆ ಬೀಗವಿಲ್ಲ. ಈಚಿನ ‘ಎಚ್‌ಎಕ್ಸ್’ ಸಾಲಿನ ಮೇಲ್ದರ್ಜೆಯ ಚಿಪ್‌ಗಳಿಗೂ ಇಲ್ಲ. ಆದರೆ ಚಿಪ್ ಒಪ್ಪಿದರಷ್ಟೇ ಸಾಲದು, ಲ್ಯಾಪ್‌ಟಾಪ್ ಕಂಪನಿಯೂ ಬಯೋಸ್ ಎಂಬ ಮೂಲ ತಂತ್ರಾಂಶದಲ್ಲಿ ಆ ಅವಕಾಶ ಬಿಟ್ಟಿರಬೇಕು.

ಇಂದಿನ ಪ್ರೊಸೆಸರ್‌ಗಳು ಯಾರೂ ಮುಟ್ಟದಿದ್ದರೂ ತಾವಾಗಿಯೇ ವೇಗ ಏರಿಸಿಕೊಳ್ಳುತ್ತವೆ. 2008ರಲ್ಲಿ ಇಂಟೆಲ್ ತಂದ ಟರ್ಬೊ ಬೂಸ್ಟ್ ಮಾಡುವ ಕೆಲಸ ಇದೇ. ಎಎಂಡಿ ಚಿಪ್‌ಗಳಲ್ಲಿ ಇದರ ಹೆಸರು ಪ್ರಿಸಿಷನ್ ಬೂಸ್ಟ್. ಕೋರ್ ಐ9-14900ಎಚ್‌ಎಕ್ಸ್‌ನ ಮೂಲ ವೇಗ 2.2 ಗಿಗಾಹರ್ಟ್ಸ್, ಟರ್ಬೊ ವೇಗ 5.8ರವರೆಗೆ. ಇಷ್ಟು ದೂರ ಕಂಪನಿಯೇ ಎಳೆದಿರುವಾಗ ಬಳಕೆದಾರರಿಗೆ ಉಳಿಯುವ ಜಾಗ ತೀರ ಕಿರಿದು.

ಲ್ಯಾಪ್‌ಟಾಪ್‌ನಲ್ಲಿ ಗುಣಕಕ್ಕಿಂತ ಮುಖ್ಯವಾದದ್ದು ವಿದ್ಯುತ್ತಿನ ಮಿತಿ. ಇದರಲ್ಲಿ ಎರಡು ಬಗೆ: ಬಹುಹೊತ್ತು ಬಳಸಬಹುದಾದ ಪಿಎಲ್1, ಸ್ವಲ್ಪ ಹೊತ್ತಿಗೆ ಮಾತ್ರ ಅನುಮತಿಯಿರುವ ಪಿಎಲ್2. ಮೇಲೆ ಹೇಳಿದ ಚಿಪ್‌ಗೆ ಇಂಟೆಲ್ ಸೂಚಿಸಿರುವ ಮೂಲ ವಿದ್ಯುತ್ 55 ವ್ಯಾಟ್, ಗರಿಷ್ಠ ಟರ್ಬೊ ವಿದ್ಯುತ್ 157 ವ್ಯಾಟ್. ಈ ಮಿತಿಗಳನ್ನು ತನ್ನ ಫ್ಯಾನ್, ತಾಮ್ರದ ಕೊಳವೆಗಳು ತಾಳುವಷ್ಟಕ್ಕೆ ಹೊಂದಿಸುವುದು ಲ್ಯಾಪ್‌ಟಾಪ್ ಕಂಪನಿ. ಹಾಗಾಗಿ ಒಂದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳು ಒಂದೇ ವೇಗದಲ್ಲಿ ಓಡಬೇಕೆಂದಿಲ್ಲ. ‘ಪರ್ಫಾರ್ಮೆನ್ಸ್ ಮೋಡ್’ ಒತ್ತಿದಾಗ ಸಾಮಾನ್ಯವಾಗಿ ಬದಲಾಗುವುದು ಈ ಮಿತಿಗಳು ಮತ್ತು ಫ್ಯಾನಿನ ವೇಗ. ನಿಜವಾದ ಓವರ್‌ಕ್ಲಾಕಿಂಗ್ ಅಲ್ಲಿ ನಡೆಯದೇ ಇರಬಹುದು.

ವೇಗ ಏರಿಸಿದರೆ ಶಾಖ ಯಾಕೆ ಅಷ್ಟು ಏರುತ್ತದೆ? ಪ್ರೊಸೆಸರ್ ನುಂಗುವ ವಿದ್ಯುತ್ತು ವೇಗದ ಜೊತೆಗೆ ಸಮವಾಗಿ ಬೆಳೆಯುತ್ತದೆ, ವೋಲ್ಟೇಜ್ ಜೊತೆಗೆ ಅದರ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 4 ಗಿಗಾಹರ್ಟ್ಸ್‌ನಿಂದ 4.4ಕ್ಕೆ ಹೋಗಲು ವೋಲ್ಟೇಜನ್ನು 1.2 ವೋಲ್ಟ್‌ನಿಂದ 1.3ಕ್ಕೆ ಏರಿಸಬೇಕಾಯಿತು ಎಂದುಕೊಳ್ಳಿ. ವೇಗ ಹೆಚ್ಚಿದ್ದು ಶೇ 10, ವಿದ್ಯುತ್ತು ಹೆಚ್ಚುವುದು ಸುಮಾರು ಶೇ 29. ಅದಷ್ಟೂ ಶಾಖವಾಗಿ ಹೊರಬೀಳಬೇಕು. ಇಂಟೆಲ್‌ನ ಅನೇಕ ಲ್ಯಾಪ್‌ಟಾಪ್ ಚಿಪ್‌ಗಳು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದೊಡನೆ ತಮ್ಮನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತವೆ. ಇದೇ ಥ್ರಾಟ್ಲಿಂಗ್. ಆಟದ ಮೊದಲ ನಿಮಿಷದಲ್ಲಿ ಕಂಡ ವೇಗ ಹತ್ತನೇ ನಿಮಿಷಕ್ಕೆ ಕಾಣದಿರುವುದು ಬಹಳ ಸಲ ಇದರಿಂದ. ಅದೂ ಅಲ್ಲದೆ ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ ಮತ್ತು ಪ್ರೊಸೆಸರ್ ಒಂದೇ ಶೈತ್ಯ ವ್ಯವಸ್ಥೆಯನ್ನು ಹಂಚಿಕೊಳ್ಳುತ್ತವೆ. ಆಟದ ಓಟವನ್ನು ಬಹಳ ಸಲ ನಿರ್ಧರಿಸುವುದು ಗ್ರಾಫಿಕ್ಸ್ ಚಿಪ್ಪೇ. ಪ್ರೊಸೆಸರನ್ನು ಕಾಯಿಸಿ ಗ್ರಾಫಿಕ್ಸ್ ಚಿಪ್ಪಿನ ಪಾಲನ್ನು ಕಸಿದರೆ ಆಟ ನಿಧಾನವಾಗಲೂಬಹುದು.

ಆದ್ದರಿಂದ ಲ್ಯಾಪ್‌ಟಾಪ್‌ಗೆ ಹೆಚ್ಚು ಒಗ್ಗುವುದು ಅಂಡರ್‌ವೋಲ್ಟಿಂಗ್: ವೇಗ ಅಷ್ಟೇ ಇಟ್ಟು ವೋಲ್ಟೇಜನ್ನು ಕೊಂಚ ತಗ್ಗಿಸುವುದು. ಶಾಖ ಇಳಿದಾಗ ಟರ್ಬೊ ಹೆಚ್ಚು ಹೊತ್ತು ನಿಲ್ಲುತ್ತದೆ. ಬೇಸರವೆಂದರೆ ಇಷ್ಟು ಉಪಯುಕ್ತವಾದ ಈ ದಾರಿ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಿಹೋಗಿದೆ. 2019ರ ಡಿಸೆಂಬರ್‌ನಲ್ಲಿ ಬಯಲಾದ ‘ಪ್ಲಂಡರ್‌ವೋಲ್ಟ್’ ದಾಳಿಯಲ್ಲಿ, ವೋಲ್ಟೇಜ್ ತಗ್ಗಿಸಿ ಪ್ರೊಸೆಸರಿನ ಲೆಕ್ಕ ತಪ್ಪಿಸಿ, ಅದು ಗುಟ್ಟಾಗಿಟ್ಟ ಕೀಲಿಗಳನ್ನು ಕದಿಯಬಹುದೆಂದು ಸಂಶೋಧಕರು ತೋರಿಸಿದರು. ಆ ಬಳಿಕ ಬಂದ ಬಯೋಸ್ ಪರಿಷ್ಕರಣೆಗಳು ವೋಲ್ಟೇಜ್ ಹಿಡಿತಕ್ಕೆ ಬೀಗ ಹಾಕಿದವು.

ಅವಕಾಶವಿದ್ದಲ್ಲಿ ಬದಲಾವಣೆ ಸಣ್ಣ ಸಣ್ಣ ಹೆಜ್ಜೆಗಳಲ್ಲಿರಬೇಕು: ಒಮ್ಮೆಗೆ ಗುಣಕ ಒಂದು ಮೆಟ್ಟಿಲು, ಇಲ್ಲವೇ ವೋಲ್ಟೇಜ್ 10 ಮಿಲಿವೋಲ್ಟ್, ಪ್ರತಿ ಸಲವೂ ಅರ್ಧ ಗಂಟೆಯಾದರೂ ಭಾರದ ಪರೀಕ್ಷೆ. ಪರದೆ ನೀಲಿಯಾಗುವುದು, ಆಟ ತಾನಾಗಿ ಮುಚ್ಚಿಕೊಳ್ಳುವುದು ಹೆಜ್ಜೆ ಹಿಂದಿಡಬೇಕೆಂಬ ಸೂಚನೆ. ವಾರಂಟಿ ಷರತ್ತನ್ನೂ ಮೊದಲೇ ಓದಿಕೊಳ್ಳಬೇಕು. ಇಂಟೆಲ್‌ನ ಎಕ್ಸ್‌ಟಿಯು ತಂತ್ರಾಂಶ, ವೇಗ ಕುಸಿದದ್ದು ಶಾಖದಿಂದಲೋ ವಿದ್ಯುತ್ ಮಿತಿಯಿಂದಲೋ ಎಂಬುದನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ಶಾಖವೆಂದು ಕಂಡರೆ ಫ್ಯಾನಿನ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಬದಲಿಸುವುದು ಮೊದಲ ಕೆಲಸ. ವಿದ್ಯುತ್ ಮಿತಿಯೆಂದು ಕಂಡರೆ ಗುಣಕ ಏರಿಸಿ ಫಲವಿಲ್ಲ. ಎರಡೂ ಕಾಣದಿದ್ದಾಗ ಮಾತ್ರ ಗುಣಕಕ್ಕೆ ಕೈಹಾಕಿದ್ದಕ್ಕೆ ಅರ್ಥವಿರುತ್ತದೆ.