ಗುಜರಾತಿನ ಅಂಗಳದಿಂದ ಹೊರಟ ‘ಟ್ಯಾಂಕ್’

ಅಹಮದಾಬಾದಿನ ವಸ್ತ್ರಾಪುರದ ಕೆರೆಗೆ ಈಗಾಗಲೇ ಮೂರು ಹೆಸರಿದೆ. ಸಂಜೆ ವಾಕಿಂಗಿಗೆ ಬರುವವರಿಗೆ ಅದು ‘ವಸ್ತ್ರಾಪುರ ತಳಾವ್’. ಮ್ಯಾಪಿನಲ್ಲಿ ‘ವಸ್ತ್ರಾಪುರ್ ಲೇಕ್’. 2013ರಿಂದ ಸರ್ಕಾರಿ ಕಾಗದಗಳಲ್ಲಿ ‘ಭಕ್ತ ಕವಿ ನರಸಿಂಹ ಮೆಹ್ತಾ ಸರೋವರ’. ಬ್ರಿಟಿಷರ ಕಾಲದ ಯಾವನಾದರೂ ಕಲೆಕ್ಟರ್ ಈ ದಾರಿಯಲ್ಲಿ ಬಂದಿದ್ದರೆ ನಾಲ್ಕನೆಯ ಹೆಸರನ್ನೂ ಬರೆದುಕೊಂಡು ಹೋಗುತ್ತಿದ್ದ: ‘ಟ್ಯಾಂಕ್’. ಸುಲ್ತಾನ್ ಕುತುಬುದ್ದೀನ್ 1451ರಲ್ಲಿ ಪೂರ್ತಿ ಮಾಡಿಸಿದ, 34 ಮಗ್ಗುಲುಗಳ ಕಾಂಕರಿಯಾ ಕೆರೆಯೂ ಅವರ ಗೆಜೆಟಿಯರುಗಳಲ್ಲಿ ‘ಕಾಂಕರಿಯಾ ಟ್ಯಾಂಕ್’ ಆಗಿಹೋಗಿತ್ತು.

ವಿಚಿತ್ರವೆಂದರೆ ಈ ಇಂಗ್ಲಿಷ್ ಪದದ ಒಂದು ತವರು ಇದೇ ಗುಜರಾತು. ಅಷ್ಟಾಗಿಯೂ ಇಲ್ಲಿಯ ಜನ ಕೆರೆಯನ್ನು ಯಾವತ್ತೂ ಆ ಹೆಸರಿನಿಂದ ಕರೆದವರಲ್ಲ. ಗುಜರಾತಿಯಲ್ಲಿ ಕೆರೆಗೆ ‘ತಳಾವ್’, ಮೆಟ್ಟಿಲುಬಾವಿಗೆ ‘ವಾವ್’, ದೇವಸ್ಥಾನದ ಕೊಳಕ್ಕೆ ‘ಕುಂಡ್’. ‘ಟಾಂಕು’ ಎಂದರೆ ಬೇರೆಯೇ. ಅದು ಮನೆಯೊಳಗಿನ ನೆಲತೊಟ್ಟಿ.

ಮುಚ್ಚಳದ ಕೆಳಗೆ

ಅದನ್ನು ನೋಡಬೇಕೆಂದರೆ ವಸ್ತ್ರಾಪುರದಿಂದ ಸಾಬರಮತಿ ದಾಟಿ ಹಳೆಯ ಊರಿಗೆ ಹೋಗಬೇಕು. 2017ರಲ್ಲಿ ಯುನೆಸ್ಕೊ ಭಾರತದ ಮೊದಲ ವಿಶ್ವ ಪರಂಪರೆ ನಗರವೆಂದು ಗುರುತಿಸಿದ್ದು ಈ ಭಾಗವನ್ನೇ. ಒಂದೇ ಬಾಗಿಲಿನ ಕಿರಿದಾದ ಕೇರಿಗಳಿಗೆ ಇಲ್ಲಿ ‘ಪೋಳ್’ ಎನ್ನುತ್ತಾರೆ. ಪೋಳ್‌ನ ಹಳೆಯ ಮನೆಗಳ ನಡುವೆ ನಮ್ಮ ತೊಟ್ಟಿಮನೆಯ ಹಾಗೆ ಆಕಾಶಕ್ಕೆ ತೆರೆದ ಅಂಗಳ, ‘ಚೌಕ್’. ಅದರ ಹಾಸುಗಲ್ಲಿನ ಮೂಲೆಯಲ್ಲಿ ಕೊಡಪಾನ ಇಳಿಯುವಷ್ಟೇ ಅಗಲದ ಬಾಯಿ, ಮೇಲೊಂದು ಲೋಹದ ಮುಚ್ಚಳ. ಕೆಳಗೆ ಗಾರೆ ಬಳಿದ ಕೋಣೆ. ಅದೇ ಟಾಂಕು.

ಮಳೆಗಾಲಕ್ಕೆ ಮೊದಲು ಮಾಳಿಗೆಯನ್ನು ಗುಡಿಸಿ ತೊಳೆಯುತ್ತಾರೆ. ಮೊದಲ ಮಳೆಯ ನೀರು ಧೂಳು, ಹಕ್ಕಿ ಹಿಕ್ಕೆಯನ್ನೆಲ್ಲ ಹೊತ್ತು ತರುವುದರಿಂದ ಅದನ್ನು ಬೀದಿಯ ಪಾಲಿಗೆ ಬಿಡುತ್ತಾರೆ. ಆಮೇಲಿನ ನೀರನ್ನು ಕೊಳವೆಯಲ್ಲಿ ಒಳಕ್ಕೆ ತಿರುಗಿಸುತ್ತಾರೆ. ಬೆಳಕು ಬೀಳದ್ದರಿಂದ ಪಾಚಿ ಕಟ್ಟದು, ಸುಣ್ಣದ ಗಾರೆಯಿಂದ ನೀರು ಕೆಡದು. ಕುಡಿಯಲು ಮತ್ತು ಬೇಳೆ ಬೇಯಿಸಲು ವರ್ಷವಿಡೀ ಅದೇ ನೀರು. ಬಾವಿಯ ನೀರು ಗಡಸು, ಅದೇನಿದ್ದರೂ ಪಾತ್ರೆ-ಬಟ್ಟೆಗೆ. ಎಲ್ಲಕ್ಕಿಂತ ಶ್ರೇಷ್ಠವೆಂದು ಗುಜರಾತಿಗಳು ಕೂಡಿಟ್ಟುಕೊಳ್ಳುವುದು ಮಘಾ ನಕ್ಷತ್ರದ ಮಳೆಯನ್ನು. ‘ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು’ ಎನ್ನುವ ನಮ್ಮ ರೈತರು ಇದಕ್ಕೆ ತಲೆದೂಗಿಯಾರು. ಪೋರಬಂದರದಲ್ಲಿ ಗಾಂಧೀಜಿ ಹುಟ್ಟಿದ ಮನೆಯ ಅಂಗಳದಲ್ಲೂ ಇಂಥದೊಂದು ಟಾಂಕು ಇದೆ.

ಸೂರತ್ತಿನಿಂದ ಹಡಗು ಹತ್ತಿದ್ದು

ಪೋರ್ಚುಗೀಸರು 1535ರಲ್ಲಿ ದಿಯುವಿನಲ್ಲಿ ಕೋಟೆ ಕಟ್ಟಲು ನಿಂತಾಗ ಅವರ ಬಾಯಲ್ಲಿ ಆಗಲೇ ‘ತಾಂಕೆ’ ಎಂಬ ಪದವಿತ್ತು. ಹರಿಯುವುದನ್ನು ತಡೆದು ನಿಲ್ಲಿಸು ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ್ದು ಅದು, ಕೊಳ ಎಂದರ್ಥ. ಇಲ್ಲಿ ‘ಟಾಂಕು’, ಪಕ್ಕದ ಮರಾಠಿಯಲ್ಲಿ ‘ಟಾಕೇ’. ರಕ್ತಸಂಬಂಧವಿಲ್ಲದ ಎರಡು ಪದಗಳು ಸದ್ದಿನಲ್ಲೂ ಅರ್ಥದಲ್ಲೂ ಹೀಗೆ ಎದುರಾದರೆ ಕೂಡಿಕೊಳ್ಳದೆ ಇರುತ್ತವೆಯೇ? 1608ರಲ್ಲಿ ವಿಲಿಯಂ ಹಾಕಿನ್ಸನ ‘ಹೆಕ್ಟರ್’ ಹಡಗು ಸೂರತ್ತಿಗೆ ಬಂತು, 1613ರ ಹೊತ್ತಿಗೆ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಕೋಠಿಯೂ ಅಲ್ಲಿ ನೆಲೆಯೂರಿತು. ಹಾಕಿನ್ಸನ ಜೊತೆಗೆ ಬಂದಿದ್ದ ವಿಲಿಯಂ ಫಿಂಚ್ ಎಂಬ ವರ್ತಕ, ಊರ ಹೊರಗಿನ ಹದಿನಾರು ಮಗ್ಗುಲಿನ ದೊಡ್ಡ ಕೊಳ, ಅದರ ಸುತ್ತಲಿನ ಕಲ್ಲಿನ ಮೆಟ್ಟಿಲು, ನಡುವಿನ ಪುಟ್ಟ ಮಂಟಪವನ್ನೆಲ್ಲ ಬರೆದಿಟ್ಟ. ಸೂರತ್ತಿನವರ ಪಾಲಿಗೆ ಅದು ಗೋಪಿ ತಳಾವ್, ಫಿಂಚನಿಗೆ ‘ಟ್ಯಾಂಕ್’.

ಅಂಗಳದ ಅಡಿಯಲ್ಲಿದ್ದ ತೊಟ್ಟಿಯ ಹೆಸರು ಊರಾಚೆಯ ಕೆರೆಗೆ ಅಂಟಿದ್ದು ಹೀಗೆ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ತಮ್ಮ ‘ಹಾಬ್ಸನ್-ಜಾಬ್ಸನ್’ ಕೋಶವನ್ನು ಹೊರತರುವ ಹೊತ್ತಿಗೆ ಭಾರತದಲ್ಲಿ ನಿಂತ ನೀರೆಲ್ಲ ‘ಟ್ಯಾಂಕ್’ ಆಗಿತ್ತು.

ನಮ್ಮ ಕೆರೆಗೆ ಬಂದಾಗ

ಇದರ ಬಿಸಿ ಕರ್ನಾಟಕಕ್ಕೂ ತಟ್ಟಿತು. ಸುಮಾರು 36 ಸಾವಿರ ಕೆರೆಗಳ ನಾಡು ನಮ್ಮದು. ಕೆರೆ, ಕಟ್ಟೆ, ಕುಂಟೆ, ಕಲ್ಯಾಣಿ, ಪುಷ್ಕರಣಿ, ಹೊಂಡ ಎಂದು ಅಳತೆಗೂ ಉಪಯೋಗಕ್ಕೂ ತಕ್ಕ ಹೆಸರಿಟ್ಟಿದ್ದೆವು. ಕಂದಾಯ ಮತ್ತು ಲೋಕೋಪಯೋಗಿ ಇಲಾಖೆಗಳ ಇಂಗ್ಲಿಷಿನಲ್ಲಿ ಎಲ್ಲವೂ ಒಂದೇ ಆಯಿತು. ಕನ್ನಡದ ಕೆರೆಗೆ ಏರಿಯಿದೆ, ತೂಬಿದೆ, ಅಚ್ಚುಕಟ್ಟಿದೆ, ನೀರು ಹಂಚಲು ನೀರುಗಂಟಿ ಇದ್ದಾನೆ, ತುಂಬಿದರೆ ಕೋಡಿ ಬೀಳುತ್ತದೆ. ಕೋಡಿ ಬಿದ್ದ ದಿನ ಊರೇ ಬಾಗಿನ ಬಿಡಲು ಹೊರಡುತ್ತದೆ, ಆ ನೀರು ಮುಂದಿನ ಊರಿನ ಕೆರೆಗೆ ಸೇರುತ್ತದೆ. ಎಂಜಿನಿಯರರ ಕಡತದಲ್ಲಿ ಆ ಕೋಡಿಯ ಹೆಸರೇನು? ‘ವೇಸ್ಟ್ ವಿಯರ್’! ಟ್ಯಾಂಕ್ ಎಂದಮೇಲೆ ಅದೊಂದು ಪಾತ್ರೆ, ಪಾತ್ರೆಯಿಂದ ಹೊರಚೆಲ್ಲಿದ್ದು ವ್ಯರ್ಥ ಎಂಬ ಲೆಕ್ಕ.

ಪಾತ್ರೆ ಖಾಲಿಯಾದರೆ ಆ ಜಾಗದಲ್ಲಿ ಬೇರೆ ಏನನ್ನಾದರೂ ಇಡಬಹುದಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಮೆಜೆಸ್ಟಿಕ್ ಬಳಿಯ ‘ಟ್ಯಾಂಕ್ ಬಂಡ್ ರಸ್ತೆ’ಯಲ್ಲಿ ಈಗ ಟ್ಯಾಂಕೂ ಇಲ್ಲ, ಬಂಡೂ ಇಲ್ಲ, ರಸ್ತೆಯೊಂದು ಉಳಿದಿದೆ. 1882ರ ಸ್ಯಾಂಕಿ ಟ್ಯಾಂಕ್ ಮಾತ್ರ ಹೆಸರಿನ ಜೊತೆಗೆ ನೀರನ್ನೂ ಉಳಿಸಿಕೊಂಡಿದೆ.

ಇದೇ ಪದ ಬೆಳಗಾವಿ, ಹುಬ್ಬಳ್ಳಿ-ಧಾರವಾಡಕ್ಕೆ ಬಂದ ದಾರಿ ಬೇರೆ. ಅಲ್ಲಿ ‘ನೀರಿನ ಟಾಕಿ ತುಂಬೇತೇನ ನೋಡು’ ಎನ್ನುತ್ತಾರೆ. ಆ ‘ಟಾಕಿ’ ಮರಾಠಿಯಿಂದ ನೇರವಾಗಿ ಬಂದದ್ದು. ಬೆಂಗಳೂರಿನ ‘ಟ್ಯಾಂಕ್’ ಲಂಡನ್ನಿಗೆ ಹೋಗಿ ಸುತ್ತಿಕೊಂಡು ಬಂದದ್ದು. ಒಂದೇ ಮನೆತನದ ಅಕ್ಕ-ತಂಗಿಯರು ಕನ್ನಡದ ಎರಡು ಊರಿಗೆ ಸೊಸೆಯರಾಗಿ ಬಂದರೂ ಒಬ್ಬರ ಗುರುತು ಇನ್ನೊಬ್ಬರಿಗೆ ಹತ್ತಿಲ್ಲ.

ಉಕ್ಕಿನ ವೇಷ

ಲಂಡನ್ನಿನಲ್ಲಿ ಈ ಪದಕ್ಕೆ ಇನ್ನೊಂದು ವೇಷ ಕಾದಿತ್ತು. ಮೊದಲ ಮಹಾಯುದ್ಧದಲ್ಲಿ ಕಂದಕಗಳನ್ನು ದಾಟಬಲ್ಲ ಕವಚವಾಹನವೊಂದನ್ನು ಲಿಂಕನ್ ನಗರದ ವಿಲಿಯಂ ಫಾಸ್ಟರ್ ಕಂಪನಿ ಗುಟ್ಟಾಗಿ ಕಟ್ಟುತ್ತಿತ್ತು. ಯೋಜನೆಯ ನಿಜವಾದ ಹೆಸರು ‘ನೆಲದ ಹಡಗು’. ಆ ಹೆಸರು ಹೊರಬಿದ್ದರೆ ಶತ್ರುವಿಗೆ ಎಲ್ಲ ತಿಳಿಯುತ್ತದೆ. ಉಕ್ಕಿನ ತಗಡಿನ ಆ ಪೆಟ್ಟಿಗೆ ನೋಡಲು ನೀರಿನ ತೊಟ್ಟಿಯ ಹಾಗೇ ಇತ್ತು. ಮರುಭೂಮಿಗೆ ನೀರು ಸಾಗಿಸುವ ಗಾಡಿ ಎಂಬ ಸುದ್ದಿ ಹಬ್ಬಿಸುವುದೂ ಸುಲಭವಾಗಿತ್ತು. 1915ರ ಡಿಸೆಂಬರಿನಲ್ಲಿ ‘ಟ್ಯಾಂಕ್’ ಎಂಬ ಗುಪ್ತನಾಮ ಗಟ್ಟಿಯಾಯಿತು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೊಮ್ ರಣರಂಗದಲ್ಲಿ ಅವು ಕಂದಕ ದಾಟಿದಾಗ ಗುಟ್ಟು ಬಯಲಾಯಿತು, ಹೆಸರು ಮಾತ್ರ ಉಳಿಯಿತು. ರಷ್ಯನ್ನರೂ ಚೀನೀಯರೂ ಈ ಯಂತ್ರವನ್ನು ಅದೇ ಪದದಿಂದ ಕರೆಯುತ್ತಾರೆ. ಅಜ್ಜಿಯರು ಮಘೆಯ ನೀರು ಕೂಡಿಡುತ್ತಿದ್ದ ತೊಟ್ಟಿಯ ಹೆಸರು ತೋಪು ಹೊತ್ತ ಯಂತ್ರಕ್ಕೆ!

ತಾರಸಿಗೆ ಏರಿ, ನೆಲಕ್ಕೆ ಇಳಿದು

ಕಥೆ ಮತ್ತೆ ಗುಜರಾತಿಗೇ ಬರುತ್ತದೆ. ಅಹಮದಾಬಾದಿಗೆ ಹತ್ತಿರದ ಕಲೋಲ್‌ನ ಬಟ್ಟೆ ಗಿರಣಿಯೊಂದು 1975ರಲ್ಲಿ ಪ್ಲಾಸ್ಟಿಕ್ ವಿಭಾಗ ತೆರೆಯಿತು. ಅಲ್ಲಿಂದ ಬಂದದ್ದೇ ‘ಸಿಂಟೆಕ್ಸ್’, ದೇಶದ ತಾರಸಿಗಳನ್ನೆಲ್ಲ ಆವರಿಸಿದ ಕಪ್ಪು ನೀರಿನ ಟ್ಯಾಂಕು. ಕರ್ನಾಟಕದ ಹಳ್ಳಿಗಳಲ್ಲಿ ಯಾವ ಕಂಪನಿಯ ಟ್ಯಾಂಕಾದರೂ ಹೆಸರು ಸಿಂಟೆಕ್ಸೇ. ಟಾಂಕುವಿನ ನೀರು ಎಷ್ಟು ಉಳಿದಿದೆಯೆಂದು ಮನೆಯಾಕೆಗೆ ಹಗ್ಗದ ಉದ್ದದಿಂದಲೇ ತಿಳಿಯುತ್ತಿತ್ತು, ಮುಂದಿನ ಮಳೆಯವರೆಗೆ ಅದನ್ನೇ ತೂಗಿಸಬೇಕಿತ್ತು. ತಾರಸಿಯ ಟ್ಯಾಂಕಿನ ನೀರು ನಮಗೆ ನೆನಪಾಗುವುದು ನಲ್ಲಿ ಬುಸುಗುಟ್ಟಿದಾಗ. ಆಗ ಟ್ಯಾಂಕರಿಗೆ ಫೋನು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಜಿಲ್ಲಾಡಳಿತ ಖಾಸಗಿ ಟ್ಯಾಂಕರುಗಳ ದರವನ್ನೇ ನಿಗದಿ ಮಾಡಬೇಕಾಯಿತು.

ಹಾಗಾದರೆ ನಿಜವಾದ ಟಾಂಕು ನಮ್ಮಲ್ಲಿ ಇಲ್ಲವೇ? ಇದೆ. ಬೆಂಗಳೂರಿನ ಬಹುಪಾಲು ಮನೆಗಳ ಗೇಟಿನ ಹಿಂದೆ, ಕಾರು ನಿಲ್ಲುವ ಜಾಗದ ಕೆಳಗೆ, ಮುಚ್ಚಳ ಹಾಕಿಕೊಂಡು ಕೂತಿದೆ. ಅದನ್ನು ‘ಸಂಪು’ ಎನ್ನುತ್ತೇವೆ. ಕಟ್ಟುವಿಕೆಯಲ್ಲಿ ಅದು ಅಪ್ಪಟ ಟಾಂಕು, ಕೊರತೆಯಿರುವುದು ಮಾಳಿಗೆಯಿಂದ ಇಳಿಯಬೇಕಾದ ಕೊಳವೆಯೊಂದರದು. 2009ರ ಕಾನೂನು ತಿದ್ದುಪಡಿ ದೊಡ್ಡ ನಿವೇಶನಗಳಿಗೆ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದೆ. ಮಾಳಿಗೆ ಗುಡಿಸಿ, ಮೊದಲ ಮಳೆ ಹೊರಬಿಟ್ಟು, ಆಮೇಲಿನದನ್ನು ಒಳಗೆ ತಿರುಗಿಸಿ ಎಂದು ಜಲಮಂಡಳಿ ಇಂದು ಹೇಳುವುದನ್ನು ಪೋಳ್‌ನ ಮನೆಗಳು ತಲೆಮಾರುಗಳಿಂದ ಮಾಡುತ್ತ ಬಂದಿವೆ. ಹೆಸರಿನಲ್ಲಿ ಮಾತ್ರ ನಾವು ಎಡವಿದ್ದೇವೆ. ಕೆರೆಗೆ, ಯಂತ್ರಕ್ಕೆ, ಪ್ಲಾಸ್ಟಿಕ್ ಡ್ರಮ್ಮಿಗೆ ಟಾಂಕುವಿನ ಹೆಸರು ಕೊಟ್ಟು, ಟಾಂಕುವಿಗೆ ಉಳಿಸಿದ್ದು ‘ಸಂಪು’. ಯುರೋಪಿನ ಹಳೆಯ ಭಾಷೆಗಳಲ್ಲಿ ಆ ಪದಕ್ಕಿದ್ದ ಅರ್ಥ ಜೌಗು, ಕೆಸರು. ಹೋಗಲಿ, ಮಘೆಯ ನೀರು ಬಂದು ಬೀಳುವುದಾದರೆ ಹೆಸರು ಏನಿದ್ದರೇನು.